ಮಕ್ಕಳ ಕೈಯಲ್ಲಿ ಸೋಂಕುನಿವಾರಕ: ಓದುಗರ ಪ್ರಶ್ನೆಗಳಿಗೆ ಉತ್ತರ

ಮನೆಬಳಕೆಯ ಸೋಂಕುನಿವಾರಕವನ್ನು ಶಾಲೆಯಲ್ಲಿ ಮಕ್ಕಳಿಂದಲೇ ಮಾಡಿಸುವ ಬಗ್ಗೆ ಶಿಕ್ಷಕರು, ಪೋಷಕರು ಮತ್ತು ವಿದ್ಯಾರ್ಥಿಗಳು ಕೇಳಿರುವ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಎಂಟನೇ ತರಗತಿಗೆ ವಿಜ್ಞಾನ ಕಲಿಸುತ್ತೇನೆ. ಮನೆಯಲ್ಲಿ ಬಳಸಬಹುದಾದ ಸೋಂಕುನಿವಾರಕವೊಂದನ್ನು ಮಕ್ಕಳೇ ತಯಾರಿಸುವ ಹಾಗೆ ಪಾಠ ಮಾಡಬೇಕೆಂದಿದ್ದೇನೆ. ಯಾವುದನ್ನು ಆರಿಸಲಿ? ಹೇಗೆ ಮಾಡಿಸಲಿ?

ಶೇ 0.1ರ ಕ್ಲೋರಿನ್ ದ್ರಾವಣವನ್ನು ಆರಿಸಿಕೊಳ್ಳಿ. ಇದಕ್ಕೆ ಬೇಕಾಗಿರುವುದು ಬ್ಲೀಚ್ ಮತ್ತು ನೀರು, ಎರಡೇ. ಕಾಯಿಸುವ ಕೆಲಸವಿಲ್ಲ, ಬೆಂಕಿಯ ಭಯವಿಲ್ಲ. ಮಕ್ಕಳು ಗಣಿತದಲ್ಲಿ ಕಲಿತ ಅನುಪಾತ ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ. ಆದರೆ ಇದನ್ನು ಒಂದೇ ಪೀರಿಯಡ್‌ನಲ್ಲಿ ಮುಗಿಸಲು ಹೋಗಬೇಡಿ. ಎರಡು ದಿನ ಇಟ್ಟುಕೊಳ್ಳಿ, ಮೊದಲ ದಿನ ಬ್ಲೀಚ್ ಬಾಟಲಿ ತರಗತಿಯೊಳಗೆ ಬರುವುದೇ ಬೇಡ.

ಮೊದಲ ದಿನ ಬ್ಲೀಚ್ ಬದಲು ದಟ್ಟವಾಗಿ ಶಾಯಿ ಬೆರೆಸಿದ ನೀರನ್ನು ಕೊಡಿ. ನಾಲ್ವರ ಒಂದೊಂದು ಗುಂಪಿಗೆ 1 ಲೀಟರಿನ ಬಾಟಲಿ, ಸೂಜಿಯಿಲ್ಲದ 20 ಮಿ.ಲೀ. ಸಿರಿಂಜ್, ದೊಡ್ಡ ಅಳತೆ ಜಾಡಿ, ಆಲಿಕೆ ಇರಲಿ. ಲೆಕ್ಕ ಇಷ್ಟೇ: ಶೇ 5ರ ಬ್ಲೀಚ್ ಶೇ 0.1 ಆಗಬೇಕಾದರೆ 50 ಪಟ್ಟು ತೆಳುವಾಗಬೇಕು. ಅಂದರೆ 20 ಮಿ.ಲೀ. ಬ್ಲೀಚ್, 980 ಮಿ.ಲೀ. ನೀರು. ಬಹಳಷ್ಟು ಮಕ್ಕಳು ಇಲ್ಲೇ ಮುಗ್ಗರಿಸುತ್ತಾರೆ. 'ಒಂದು ಭಾಗಕ್ಕೆ 50 ಭಾಗ ನೀರು' ಬೇರೆ, 'ಒಟ್ಟು 50 ಭಾಗದಲ್ಲಿ ಒಂದು ಭಾಗ' ಬೇರೆ. ನಮಗೆ ಬೇಕಾದದ್ದು ಎರಡನೆಯದು, ಹಾಗಾಗಿ ನೀರು 49 ಭಾಗ. ಈ ಕೆಲಸದ ಮಟ್ಟಿಗೆ ವ್ಯತ್ಯಾಸ ಬಲು ಚಿಕ್ಕದು, ಬಿಟ್ಟರೂ ನಡೆಯುತ್ತದೆ. ಆದರೆ 1:9ರ ದ್ರಾವಣ ಮಾಡುವಾಗ ಇದೇ ತಪ್ಪು ಹತ್ತರಲ್ಲೊಂದು ಪಾಲಿನಷ್ಟು ದೊಡ್ಡದಾಗುತ್ತದೆ. ಆದ್ದರಿಂದ ಈಗಲೇ ಬಿಡಿಸಿ ಹೇಳಿ.

ಎಲ್ಲ ಗುಂಪುಗಳೂ ಮುಗಿಸಿದ ಮೇಲೆ ಬಾಟಲಿಗಳನ್ನು ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ನಿಲ್ಲಿಸಿ. ಬೆಳಕು ಹಿಂದಿನಿಂದ ಬರುವಾಗ ಎಲ್ಲ ಬಾಟಲಿಗಳ ನೀಲಿ ಒಂದೇ ಛಾಯೆಯಲ್ಲಿರಬೇಕು. ಒಂದು ಗಾಢವಾಗಿ, ಇನ್ನೊಂದು ತೆಳುವಾಗಿ ಕಂಡರೆ ಯಾರ ಅಳತೆ ತಪ್ಪಿದೆ ಎಂದು ನೀವು ಹೇಳಬೇಕಾಗಿಯೇ ಇಲ್ಲ, ಅವರೇ ಕಂಡುಕೊಳ್ಳುತ್ತಾರೆ. ತಪ್ಪು ಸಾಮಾನ್ಯವಾಗಿ ಕಣ್ಣಿನ ಮಟ್ಟದ್ದು. ಅಳತೆ ಜಾಡಿಯಲ್ಲಿ ನೀರಿನ ಮೇಲ್ಮೈ ನಡುವೆ ತಗ್ಗಾಗಿ ಬಾಗಿರುತ್ತದೆ. ಆ ತಗ್ಗಿನ ತಳಕ್ಕೆ ಕಣ್ಣನ್ನು ನೇರವಾಗಿ ತಂದು ಓದಬೇಕು. ನಿಂತುಕೊಂಡು ಮೇಲಿನಿಂದ ಬಗ್ಗಿ ನೋಡಿದರೆ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ, ಹಾಗಾಗಿ ಹಾಕಿದ್ದು ಕಡಿಮೆಯಾಗಿರುತ್ತದೆ. ಬಾಟಲಿಯ ಮುಚ್ಚಳವನ್ನು ಅಳತೆಯಾಗಿ ಬಳಸಲು ಬಿಡಬೇಡಿ. ಒಂದು ಮುಚ್ಚಳ 5 ಮಿ.ಲೀ. ಹಿಡಿದರೆ ಇನ್ನೊಂದು 20 ಹಿಡಿಯುತ್ತದೆ.

ಎಲ್ಲ ಬಾಟಲಿಗಳೂ ಒಂದೇ ಬಣ್ಣಕ್ಕೆ ಬಂದ ಮೇಲೆಯೇ ಎರಡನೇ ದಿನದ ಕೆಲಸ. ಕಿಟಕಿ ಬಾಗಿಲು ತೆರೆದಿರಲಿ. ಕೈಗವಸು, ಕಣ್ಣಿಗೆ ಸುರಕ್ಷಾ ಕನ್ನಡಕ, ಕಲೆಯಾದರೂ ಚಿಂತೆಯಿಲ್ಲದ ಬಟ್ಟೆ ಬೇಕು. ಬ್ಲೀಚ್ ಬಾಟಲಿಯನ್ನು ಮುಟ್ಟುವುದು ಶಿಕ್ಷಕರು ಮಾತ್ರ. ಪ್ರತಿ ಗುಂಪಿಗೂ ತಟ್ಟೆಯೊಳಗಿಟ್ಟ ಸಣ್ಣ ಬೀಕರಿಗೆ ಸುಮಾರು 25 ಮಿ.ಲೀ. ಸುರಿದುಕೊಟ್ಟು ಬಾಟಲಿಯನ್ನು ಕೂಡಲೇ ಮುಚ್ಚಿಬಿಡಿ. ಗುಂಪಿನಲ್ಲಿ ಒಬ್ಬರು ಸಿರಿಂಜ್‌ನಿಂದ 20 ಮಿ.ಲೀ. ಎಳೆಯಲಿ, ಒಬ್ಬರು ಬಾಟಲಿ ಹಿಡಿಯಲಿ, ಮತ್ತೊಬ್ಬರು ಅಳತೆ ಓದಲಿ, ನಾಲ್ಕನೆಯವರು ಚೀಟಿ ಬರೆಯಲಿ. ಬಾಟಲಿಗೆ ಮೊದಲು ನೀರು: 980ರಲ್ಲಿ ಸುಮಾರು 900 ಮಿ.ಲೀ. ಹಾಕಿ, ಆಮೇಲೆ ಬ್ಲೀಚ್, ಕೊನೆಗೆ ಉಳಿದ ನೀರು. ಬ್ಲೀಚ್ ಮೇಲೆ ನೀರು ಸುರಿದರೆ ಗಟ್ಟಿ ದ್ರಾವಣ ಮುಖಕ್ಕೆ ಸಿಡಿಯುತ್ತದೆ. ನೀರಿನ ಮೇಲೆ ಬ್ಲೀಚ್ ಸುರಿದಾಗ ಸಿಡಿದರೂ ಅದು ಬಹುಪಾಲು ನೀರೇ ಆಗಿರುತ್ತದೆ. ನೀರು ತಣ್ಣಗಿರಬೇಕು. ಬಿಸಿನೀರಿನಲ್ಲಿ ಬ್ಲೀಚ್‌ನ ಸತ್ವವಾದ ಹೈಪೋಕ್ಲೋರೈಟ್ ಬೇಗ ಒಡೆದು ಸತ್ವ ಕಳೆದುಕೊಳ್ಳುತ್ತದೆ, ಘಾಟೂ ಹೆಚ್ಚು ಏಳುತ್ತದೆ. ಮುಚ್ಚಳ ಬಿಗಿದು ಬಾಟಲಿಯನ್ನು ಹತ್ತು ಸಲ ಮೆಲ್ಲಗೆ ಮೇಲೆ ಕೆಳಗೆ ಮಾಡಿದರೆ ಸಾಕು, ಕುಲುಕಬೇಡಿ.

ಚೀಟಿ ಅಂಟಿಸದ ಬಾಟಲಿ ಮೇಜಿನಿಂದ ಕದಲಬಾರದು. 'ಕ್ಲೋರಿನ್ ದ್ರಾವಣ, ಶೇ 0.1, ಕುಡಿಯಬಾರದು, ಬೇರೆ ಯಾವುದರ ಜೊತೆಗೂ ಬೆರೆಸಬಾರದು' ಎಂದು ಬರೆದು, ತಯಾರಿಸಿದ ದಿನ ಮತ್ತು ಗಂಟೆ ಹಾಕಿಸಿ. ಕುಡಿಯುವ ನೀರಿನ ಅಥವಾ ತಂಪು ಪಾನೀಯದ ಹಳೆಯ ಬಾಟಲಿಯನ್ನು ಎಷ್ಟು ಚೆನ್ನಾಗಿ ತೊಳೆದಿದ್ದರೂ ಇದಕ್ಕೆ ಬಳಸಬೇಡಿ. ಚೀಟಿ ಓದಲು ಬಾರದ ತಮ್ಮನೋ ತಂಗಿಯೋ ಬಾಟಲಿಯ ಆಕಾರ ನೋಡಿಯೇ ಎತ್ತಿ ಬಾಯಿಗಿಡುತ್ತಾರೆ.

ಉಬ್ಬಸ ಇರುವ ಮಕ್ಕಳನ್ನು ಎರಡನೇ ದಿನ ಮೇಜಿನಿಂದ ದೂರ, ಕಿಟಕಿ ಪಕ್ಕದಲ್ಲಿ ಕೂರಿಸಿ. ದಾಖಲೆ ಬರೆಯುವ, ಸಮಯ ನೋಡುವ ಕೆಲಸ ಅವರದಾಗಲಿ.

ಪ್ರಶ್ನೆ: ನಮಗೆ ಸಿಕ್ಕಿರುವ ಬ್ಲೀಚ್ ಶೇ 5ರದ್ದಲ್ಲ. ಬ್ಲೀಚಿಂಗ್ ಪುಡಿಯೂ ಇದೆ. ಲೆಕ್ಕ ಹೇಗೆ ಬದಲಾಗುತ್ತದೆ?

ಒಂದು ಲೀಟರ್ ಶೇ 0.1ರ ದ್ರಾವಣಕ್ಕೆ 100ನ್ನು ಚೀಟಿಯಲ್ಲಿರುವ ಶೇಕಡಾ ಸಂಖ್ಯೆಯಿಂದ ಭಾಗಿಸಿ. ಬಂದದ್ದು ಬೇಕಾದ ಮಿಲಿಲೀಟರ್. ಶೇ 5 ಇದ್ದರೆ 20, ಶೇ 4 ಇದ್ದರೆ 25, ಶೇ 3.5 ಇದ್ದರೆ 28.6. ಪುಡಿಗೂ ಇದೇ ಲೆಕ್ಕ, ಉತ್ತರ ಗ್ರಾಂನಲ್ಲಿ ಬರುತ್ತದೆ ಅಷ್ಟೇ. ಲಭ್ಯ ಕ್ಲೋರಿನ್ (ಅಂದರೆ ಕೆಲಸಕ್ಕೆ ಬರುವ ಕ್ಲೋರಿನ್) ಶೇ 33 ಇರುವ ಪುಡಿ 3 ಗ್ರಾಂ, ಶೇ 25 ಇರುವುದು 4 ಗ್ರಾಂ. ಚೀಟಿಯಲ್ಲಿ ಕೆಲವರು 'ಲಭ್ಯ ಕ್ಲೋರಿನ್' ಎಂದೂ ಕೆಲವರು 'ಸೋಡಿಯಂ ಹೈಪೋಕ್ಲೋರೈಟ್' ಎಂದೂ ಬರೆದಿರುತ್ತಾರೆ. ಶೇ 5.25 ಸೋಡಿಯಂ ಹೈಪೋಕ್ಲೋರೈಟ್ ಅಂದರೆ ಶೇ 5 ಲಭ್ಯ ಕ್ಲೋರಿನ್. ಮನೆಯ ಕೆಲಸಕ್ಕೆ ಈ ವ್ಯತ್ಯಾಸವನ್ನು ಲೆಕ್ಕಿಸಬೇಕಿಲ್ಲ.

ಪುಡಿಯನ್ನು ಮಕ್ಕಳ ಕೈಗೆ ಕೊಡಬೇಡಿ ಎಂದೇ ಹೇಳುತ್ತೇವೆ. ತೂಗುವಾಗ ಏಳುವ ಧೂಳು ಕಣ್ಣಿಗೂ ಮೂಗಿಗೂ ಕೆಟ್ಟದ್ದು. ಶಿಕ್ಷಕರು ಒಣಗಿದ ಪ್ಲಾಸ್ಟಿಕ್ ಚಮಚದಲ್ಲಿ ತೂಗಿ, ಸ್ವಲ್ಪ ನೀರಲ್ಲಿ ಗಂಟಿಲ್ಲದಂತೆ ಕಲಸಿ, ಉಳಿದ ನೀರು ಸೇರಿಸಿ ತಿಳಿಯಾಗಲು ಬಿಡಬೇಕು. ತಳದಲ್ಲಿ ನಿಲ್ಲುವ ಬಿಳಿ ಗಸಿ ಹೆಚ್ಚಿನಂಶ ಸುಣ್ಣ, ಅದು ಎಷ್ಟು ಕಲಕಿದರೂ ಕರಗದು. ಮೇಲಿನ ತಿಳಿಯನ್ನು ಬಸಿದುಕೊಂಡರೆ ಮುಗಿಯಿತು. ಗಸಿ ಉಳಿಯಿತೆಂದರೆ ಪುಡಿ ಕೆಟ್ಟಿದೆ ಎಂದುಕೊಂಡು ಇನ್ನಷ್ಟು ಪುಡಿ ಸುರಿಯುವವರಿದ್ದಾರೆ, ಹಾಗೆ ಮಾಡಬೇಡಿ. ಪುಡಿ ನಿಜವಾಗಿ ಕೆಟ್ಟಿದ್ದರೆ ಡಬ್ಬಿಯಲ್ಲೇ ಗೊತ್ತಾಗುತ್ತದೆ: ತೇವ ಹೀರಿ ಹೆಂಟೆಗಟ್ಟಿರುತ್ತದೆ, ಘಾಟು ಇಳಿದಿರುತ್ತದೆ. ಎಣ್ಣೆ, ಆಮ್ಲ, ಬೇರೆ ಬಗೆಯ ಕ್ಲೋರಿನ್ ಮಾತ್ರೆಗಳು ಈ ಪುಡಿಗೆ ತಾಗದ ಹಾಗೆ ಬೇರೆಯೇ ಕಪಾಟಿನಲ್ಲಿಡಿ. ಹಾಗೆ ಸೇರಿದರೆ ಬೆಂಕಿ ಹೊತ್ತಿಕೊಳ್ಳಬಹುದು.

ಪ್ರಶ್ನೆ: ಜಾಸ್ತಿ ಹಾಕಿದರೆ ಜಾಸ್ತಿ ಕ್ರಿಮಿ ಸಾಯುವುದಿಲ್ಲವೇ? ಮತ್ತೆ ಯಾಕೆ ಅಷ್ಟು ತೆಳು ಮಾಡಬೇಕು? (ಒಂಬತ್ತನೇ ತರಗತಿಯ ವಿದ್ಯಾರ್ಥಿ)

ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದೀಯ. ಕ್ರಿಮಿ ಸಾಯುವುದು ಮೂರು ಸಂಗತಿಗಳು ಸೇರಿದಾಗ: ದ್ರಾವಣ ಎಷ್ಟು ಗಟ್ಟಿ, ಎಷ್ಟು ಹೊತ್ತು ತಾಗಿತು, ಜಾಗ ಎಷ್ಟು ಶುಚಿಯಾಗಿತ್ತು. ಒರೆಸಿದ ಕೂಡಲೇ ಬಟ್ಟೆಯಿಂದ ಒಣಗಿಸಿಬಿಟ್ಟರೆ ಎಷ್ಟು ಗಟ್ಟಿಯಾಗಿದ್ದರೂ ಪ್ರಯೋಜನ ಕಡಿಮೆ. ಮೇಜಿನ ಮೇಲೆ ಹಚ್ಚಿದ ಶೇ 0.1ರ ದ್ರಾವಣ 10 ನಿಮಿಷ ಒದ್ದೆಯಾಗಿಯೇ ಇರಲಿ. ನಡುವೆ ಒಣಗಿದರೆ ಇನ್ನೊಮ್ಮೆ ಹಚ್ಚು. ಆಮೇಲೆ ನೀರಿನಿಂದ ಒರೆಸಿಬಿಡು. ಲೋಹವಾದರೆ ಇದನ್ನು ಮರೆಯಲೇಬಾರದು, ಕ್ಲೋರಿನ್ ಕಬ್ಬಿಣಕ್ಕೆ ತುಕ್ಕು ತರಿಸುತ್ತದೆ.

ಶೇ 0.5ರ ದ್ರಾವಣವೂ ಉಂಟು. ರಕ್ತ, ವಾಂತಿ ಬಿದ್ದ ಜಾಗಕ್ಕೆ ಅದನ್ನು ಬಳಸುತ್ತಾರೆ. ಅಂಥಲ್ಲಿ ಕ್ಲೋರಿನ್‌ನ ದೊಡ್ಡ ಪಾಲು ಆ ಕೊಳೆಯ ಮೇಲೇ ಖರ್ಚಾಗುವುದರಿಂದ ಗಟ್ಟಿ ಬೇಕಾಗುತ್ತದೆ. ಶುಚಿಯಾದ ಮೇಜಿಗೆ ಅಷ್ಟು ಗಟ್ಟಿ ಹಾಕಿದರೆ ಕಣ್ಣುರಿ, ಕೆಮ್ಮು, ಬಟ್ಟೆಗೆ ಕಲೆ ಇವಷ್ಟೇ ಲಾಭ.

ಕೊಳೆ ಕ್ಲೋರಿನ್ ಅನ್ನು ಹೇಗೆ ನುಂಗುತ್ತದೆಂದು ನೋಡಬೇಕಾ? ತೋಟದ ಮಣ್ಣನ್ನು ನೀರಲ್ಲಿ ಕಲಕಿ, ಬಟ್ಟೆಯಲ್ಲಿ ಸೋಸಿಕೋ. ಎರಡು ಗಾಜಿನ ಲೋಟದಲ್ಲಿ ತಲಾ 50 ಮಿ.ಲೀ. ಶೇ 0.1ರ ದ್ರಾವಣ ತೆಗೆದುಕೊಂಡು ಒಂದಕ್ಕೆ 50 ಮಿ.ಲೀ. ಮಣ್ಣಿನ ನೀರು, ಇನ್ನೊಂದಕ್ಕೆ 50 ಮಿ.ಲೀ. ಬರಿ ನೀರು ಹಾಕು. ಐದು ನಿಮಿಷ ಬಿಟ್ಟು ಎರಡಕ್ಕೂ ತಿನಿಸಿಗೆ ಹಾಕುವ ಬಣ್ಣವನ್ನು ಒಂದೊಂದೇ ಹನಿ ಬಿಡು. ಬರಿ ನೀರಿನ ಲೋಟದಲ್ಲಿ ಬಣ್ಣ ಮಾಸುತ್ತದೆ. ಮಣ್ಣಿನ ಲೋಟದಲ್ಲಿ ಮಾಸಲು ಹೆಚ್ಚು ಹೊತ್ತು ಹಿಡಿಯುತ್ತದೆ, ಮಣ್ಣಲ್ಲಿ ಗೊಬ್ಬರ ಹೆಚ್ಚಿದ್ದರೆ ಬಣ್ಣ ಹಾಗೇ ಉಳಿಯಲೂಬಹುದು. ಮೊದಲು ಸಾಬೂನು ನೀರಿನಲ್ಲಿ ತೊಳೆದು ಆಮೇಲೆ ಸೋಂಕುನಿವಾರಕ ಹಚ್ಚಬೇಕು ಎನ್ನುವುದಕ್ಕೆ ಕಾರಣ ಇದೇ. ಕೈಗವಸು, ಕನ್ನಡಕ ಹಾಕಿಕೊಂಡು ಶಿಕ್ಷಕರ ಎದುರಿಗೇ ಮಾಡು.

ಪ್ರಶ್ನೆ: ಮಾಡಿಟ್ಟ ದ್ರಾವಣ ಎಷ್ಟು ದಿನ ಬರುತ್ತದೆ? ವಾಸನೆ ಇರುವ ತನಕ ಬಳಸಬಹುದೇ?

ತೆಳು ಮಾಡಿದ ದ್ರಾವಣ ಆ ದಿನಕ್ಕೆ ಮಾತ್ರ. 24 ಗಂಟೆ ಕಳೆದರೆ ಚೆಲ್ಲಿ ಹೊಸದು ಮಾಡಿ. ಬೆಳಕು, ಬಿಸಿ, ಲೋಹದ ಚೂರು, ಅದ್ದಿ ತೆಗೆದ ಕೊಳೆ ಬಟ್ಟೆ ಎಲ್ಲವೂ ಅದರ ಸತ್ವವನ್ನು ಇಳಿಸುತ್ತವೆ. ಪಾರದರ್ಶಕ ಬಾಟಲಿಯಲ್ಲಿ ಬಿಸಿಲಿಗಿಟ್ಟರಂತೂ ಬೇಗ. ಬೆಳಕು ತೂರದ ಪ್ಲಾಸ್ಟಿಕ್ ಬಾಟಲಿ ಒಳ್ಳೆಯದು. ತೆಳು ಮಾಡದ ಬ್ಲೀಚ್ ಕೂಡ ಕಪಾಟಿನಲ್ಲಿ ಕೂತಲ್ಲೇ ತಿಂಗಳಿಂದ ತಿಂಗಳಿಗೆ ಇಳಿಯುತ್ತದೆ. ಬಹುಕಾಲ ಇಟ್ಟ ಬಾಟಲಿಯ ಮೇಲೆ ಶೇ 5 ಎಂದಿದ್ದರೂ ಒಳಗೆ ಅಷ್ಟಿರುವುದಿಲ್ಲ.

ವಾಸನೆಯನ್ನು ಅಳತೆಗೋಲು ಮಾಡಿಕೊಳ್ಳಬೇಡಿ. ಈ ವಿಷಯದಲ್ಲಿ 1847ರ ವಿಯೆನ್ನಾ ಆಸ್ಪತ್ರೆಯ ಕಥೆಯನ್ನು ಮಕ್ಕಳಿಗೆ ಹೇಳಬಹುದು. ಹೆರಿಗೆ ವಿಭಾಗದ ವೈದ್ಯ ಇಗ್ನಾಜ್ ಸೆಮ್ಮೆಲ್‌ವೈಸ್, ಶವಪರೀಕ್ಷೆ ಮಾಡಿ ಬರುವ ವೈದ್ಯರೂ ವಿದ್ಯಾರ್ಥಿಗಳೂ ಕ್ಲೋರಿನ್ ಸುಣ್ಣದ ದ್ರಾವಣದಲ್ಲಿ ಕೈ ತೊಳೆಯಬೇಕೆಂದು ಕಟ್ಟುಮಾಡಿದರು. ಆ ದ್ರಾವಣವನ್ನು ಅವರು ಆರಿಸಿದ್ದು ಅದು ಕೈಗೆ ಅಂಟಿದ ಶವದ ವಾಸನೆಯನ್ನು ಕಳೆಯುತ್ತದೆ ಎಂದು. ಏಪ್ರಿಲ್‌ನಲ್ಲಿ ಶೇ 18ರ ಆಸುಪಾಸಿನಲ್ಲಿದ್ದ ಬಾಣಂತಿಯರ ಸಾವು ಜೂನ್ ಹೊತ್ತಿಗೆ ಶೇ 2ರ ಆಸುಪಾಸಿಗೆ ಇಳಿಯಿತು. ರೋಗ ತರುವ ಸೂಕ್ಷ್ಮಜೀವಿಗಳ ಬಗ್ಗೆ ಆಗಿನ್ನೂ ಸ್ಪಷ್ಟ ತಿಳಿವಳಿಕೆ ಇರಲಿಲ್ಲ. ವಾಸನೆ ಹೋಗುವುದೂ ಸೋಂಕು ಹೋಗುವುದೂ ಅಲ್ಲಿ ಒಟ್ಟಿಗೇ ಆಯಿತು. ಎಲ್ಲ ಕಡೆಯೂ ಹಾಗಾಗುವುದಿಲ್ಲ.

ಅಳೆಯಲೇಬೇಕೆಂದರೆ ಪ್ರೌಢಶಾಲೆಯ ಪ್ರಯೋಗಾಲಯದಲ್ಲೇ ಅಳೆಯಬಹುದು. ಬಣ್ಣವಿಲ್ಲದ 500 ಮಿ.ಗ್ರಾಂ. ವಿಟಮಿನ್ ಸಿ ಮಾತ್ರೆಯೊಂದನ್ನು ಪುಡಿ ಮಾಡಿ 500 ಮಿ.ಲೀ. ನೀರಲ್ಲಿ ಕದಡಿ. ಇದನ್ನು ಅಂದಂದೇ ಮಾಡಿಕೊಳ್ಳಬೇಕು. ಬೀಕರಿನಲ್ಲಿ ಸರಿಯಾಗಿ 5 ಮಿ.ಲೀ. ಕ್ಲೋರಿನ್ ದ್ರಾವಣ, 20 ಮಿ.ಲೀ. ನೀರು ತೆಗೆದುಕೊಂಡು ಮೊದಲು ಅರ್ಧ ಗ್ರಾಂ ಪೊಟ್ಯಾಸಿಯಂ ಅಯೊಡೈಡ್ ಕರಗಿಸಿ, ಆಮೇಲೆ 5 ಮಿ.ಲೀ. ವಿನೆಗರ್ ಹಾಕಿ. ಈ ಕ್ರಮ ತಿರುಗಬಾರದು. ಅಯೊಡೈಡ್ ಮೊದಲಿದ್ದರೆ ಕ್ಲೋರಿನ್ ಎಲ್ಲ ಅಯೊಡಿನ್ ಆಗಿ ನೀರಲ್ಲೇ ನಿಲ್ಲುತ್ತದೆ. ವಿನೆಗರ್ ಮೊದಲು ಬಿದ್ದರೆ ಕ್ಲೋರಿನ್ ಅನಿಲವಾಗಿ ಮೇಲೇಳುತ್ತದೆ, ಲೆಕ್ಕವೂ ತಪ್ಪುತ್ತದೆ. ಈಗ ದ್ರಾವಣ ಕಂದು ಬಣ್ಣಕ್ಕೆ ಬಂದಿರುತ್ತದೆ. ಸಿರಿಂಜ್‌ನಿಂದ ವಿಟಮಿನ್ ಸಿ ನೀರನ್ನು ಬಿಡುತ್ತ ಹೋಗಿ. ತಿಳಿ ಹಳದಿಗೆ ಬಂದಾಗ ಕೆಲವು ಹನಿ ಪಿಷ್ಟದ ಗಂಜಿ ಹಾಕಿದರೆ ಕಡು ನೀಲಿಯಾಗುತ್ತದೆ. ಆಮೇಲೆ ಹನಿ ಹನಿಯಾಗಿ ಬಿಡಿ. ನೀಲಿ ಮಾಯವಾದ ಹನಿಗೆ ನಿಲ್ಲಿಸಿ. ದ್ರಾವಣ ನಿಜವಾಗಿ ಶೇ 0.1 ಆಗಿದ್ದರೆ ಒಟ್ಟು 12.4 ಮಿ.ಲೀ. ಖರ್ಚಾಗಿರಬೇಕು. 6.2 ಆದರೆ ಅರ್ಧ ಸತ್ವ ಹೋಗಿದೆ. ಇವತ್ತಿನದೊಂದು, ಮೂರು ದಿನ ಕಿಟಕಿಯಲ್ಲಿಟ್ಟದ್ದೊಂದು, ಕತ್ತಲಲ್ಲಿಟ್ಟದ್ದೊಂದು ಅಳೆಯಲು ಹೇಳಿ. ಮಕ್ಕಳು ಬರೆದುಕೊಳ್ಳುವ ಆ ಮೂರು ಸಂಖ್ಯೆಗಳು ನಮ್ಮ ಯಾವ ವಿವರಣೆಗಿಂತಲೂ ಚೆನ್ನಾಗಿ ಕಲಿಸುತ್ತವೆ.

ಪ್ರಶ್ನೆ: ನಮ್ಮ ಶಾಲೆಯಲ್ಲಿ ಬಿಳಿ ಫಿನಾಯಿಲ್ ಮಾಡಿಸುತ್ತೇವೆ. ಒಮ್ಮೊಮ್ಮೆ ಹಾಲಿನ ಹಾಗೆ ಬರುತ್ತದೆ, ಒಮ್ಮೊಮ್ಮೆ ಮರುದಿನ ಎಣ್ಣೆ ಮೇಲೆ ತೇಲುತ್ತದೆ. ಏನು ತಪ್ಪು?

ಹೆಚ್ಚಾಗಿ ತಪ್ಪು ನೀರಿನದು. ಸಿದ್ಧ ಸಾರದಲ್ಲಿ ಇರುವುದು ಪೈನ್ ಎಣ್ಣೆ ಮತ್ತು ಅದನ್ನು ನೀರಲ್ಲಿ ಹಿಡಿದಿಡುವ ಎಮಲ್ಸಿಫೈಯರ್, ಅನೇಕ ಸಲ ಒಂದು ಬಗೆಯ ಸಾಬೂನು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಆ ಸಾಬೂನನ್ನು ಕರಗದ ಕಲ್ಮಷವಾಗಿಸುತ್ತವೆ. ಹಿಡಿದವನ ಕೈ ಸಡಿಲವಾದ ಮೇಲೆ ಎಣ್ಣೆಯ ಹನಿಗಳು ಒಂದಕ್ಕೊಂದು ಕೂಡಿ ಮೇಲೆ ಬರುತ್ತವೆ. ಮಳೆನೀರು ಅಥವಾ ಬಟ್ಟಿ ಇಳಿಸಿದ ನೀರಿನಲ್ಲಿ ಅದೇ ಸಾರವನ್ನು 100 ಮಿ.ಲೀ. ಅಳತೆಯಲ್ಲಿ ಮಾಡಿ ಪಕ್ಕದಲ್ಲಿಟ್ಟು ನೋಡಿ. ಅದು ನಿಂತು, ನಿಮ್ಮ ನಲ್ಲಿ ನೀರಿನದು ಒಡೆದರೆ ಕಾರಣ ಸಿಕ್ಕಂತೆಯೇ. ನಲ್ಲಿ ನೀರನ್ನು ಕುದಿಸಿ ಆರಿಸಿ, ತಳದ ಬಿಳಿ ಗಸಿ ಬಿಟ್ಟು ಬಳಸಿದರೆ ಒಂದಷ್ಟು ಗಡಸುತನ ಕಳೆಯುತ್ತದೆ, ಪೂರ್ತಿ ಅಲ್ಲ.

ಇನ್ನೊಂದು ಕಾರಣ ಅವಸರ. ಸಾರವನ್ನು ದಬದಬ ಸುರಿದು ನಾಲ್ಕು ಸುತ್ತು ತಿರುಗಿಸಿ ಬಿಟ್ಟರೆ ಹನಿಗಳು ದಪ್ಪಗೇ ಉಳಿಯುತ್ತವೆ. ನೀರನ್ನು ಕಲಕುತ್ತಲೇ ಇರುವಾಗ ಸಾರವನ್ನು ದಾರದಷ್ಟು ಸಣ್ಣ ಧಾರೆಯಾಗಿ ಬಿಡಬೇಕು, ಮುಗಿದ ಮೇಲೂ ಐದು ನಿಮಿಷ ಕಲಕಬೇಕು. ಪ್ರಮಾಣ ಸಾರದಿಂದ ಸಾರಕ್ಕೆ ಬೇರೆಯಾಗುತ್ತದೆ, ಡಬ್ಬಿಯ ಮೇಲಿನದನ್ನೇ ಹಿಡಿಯಿರಿ. ಹೆಚ್ಚು ಬಾಟಲಿ ಬರಲಿ ಎಂದು ನೀರು ಏರಿಸಬೇಡಿ. ಮೇಲೆ ಕೆನೆಯಂತೆ ನಿಂತು, ಅಲುಗಾಡಿಸಿದರೆ ಮತ್ತೆ ಬೆರೆತರೆ ಚಿಂತೆಯಿಲ್ಲ. ಹಳದಿ ಎಣ್ಣೆಯ ಪದರ ಬೇರೆಯಾಗಿ ನಿಂತಿದ್ದರೆ ಅದು ಒಡೆದಿದೆ, ಅದನ್ನು ಹಂಚಬೇಡಿ.

ಬಿಳುಪಿನ ಬಗ್ಗೆ ಮಕ್ಕಳಿಗೆ ಒಂದು ಮಾತು ಹೇಳಲೇಬೇಕು. ಹಾಲಿನ ಬಣ್ಣ ಬರುವುದು ಎಣ್ಣೆಯ ಸಣ್ಣ ಹನಿಗಳು ಬೆಳಕನ್ನು ಚದುರಿಸುವುದರಿಂದ. ಅದು ಕ್ರಿಮಿ ಕೊಲ್ಲುವ ಶಕ್ತಿಯ ಗುರುತಲ್ಲ. ಹೆಸರು ನೋಡಿ ಇದರಲ್ಲಿ ಫಿನಾಲ್ ಇದೆ ಎಂದುಕೊಳ್ಳುವುದೂ ತಪ್ಪು. ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್ 1865ರಲ್ಲಿ ಗಾಯಗಳಿಗೆ ಬಳಸಿದ ಕಾರ್ಬಾಲಿಕ್ ಆಮ್ಲ ಫಿನಾಲ್. ಕಪ್ಪು ಫಿನಾಯಿಲ್‌ನಲ್ಲಿರುವುದು ಅದರ ಬಂಧುಗಳು, ಬಿಳಿಯದರಲ್ಲಿರುವುದು ಪೈನ್ ಎಣ್ಣೆ. ಪೈನ್ ಎಣ್ಣೆ ಕೆಲವು ಬ್ಯಾಕ್ಟೀರಿಯಾಗಳ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ, ಸ್ಟ್ಯಾಫಿಲೊಕಾಕಸ್‌ನಂಥವುಗಳ ಮೇಲೆ ದುರ್ಬಲ. ನೆಲ, ಬಚ್ಚಲು ಒರೆಸಲು ಸರಿ. ಕಾಯಿಲೆಯವರ ವಾಂತಿ ಬಿದ್ದ ಜಾಗಕ್ಕೆ ಇದನ್ನೇ ನಂಬಿ ಕೂರಬೇಡಿ. ಬೆಕ್ಕು ಸಾಕಿರುವ ಮನೆಗೆ ಕಳಿಸುವ ಬಾಟಲಿಯ ಮೇಲೆ ಎಚ್ಚರಿಕೆ ಬರೆಯಿರಿ. ಒದ್ದೆ ನೆಲ ತುಳಿದು ಪಾದ ನೆಕ್ಕಿಕೊಳ್ಳುವ ಬೆಕ್ಕಿಗೆ ಬಿಳಿಯದೂ ಕಪ್ಪಿನದೂ ವಿಷ.

ಫಿನಾಯಿಲ್‌ಗೆ ಬ್ಲೀಚ್ ಬೆರೆಸಿ 'ಎರಡರ ಶಕ್ತಿ' ಪಡೆಯುವ ಯೋಚನೆ ಬೇಡ. ಕ್ಲೋರಿನ್ ಎಣ್ಣೆಯ ಮೇಲೆ ವ್ಯರ್ಥವಾಗುತ್ತದೆ, ಕೆರಳಿಸುವ ಹಬೆ ಏಳುತ್ತದೆ.

ಪ್ರಶ್ನೆ: ಮೂರನೇ ತರಗತಿಯ ಮಕ್ಕಳಿಗೆ ವಿನೆಗರ್ ಮತ್ತು ಅಡುಗೆ ಸೋಡಾದಿಂದ ಅಪಾಯವಿಲ್ಲದ ಸೋಂಕುನಿವಾರಕ ಮಾಡಿಸಬಹುದೇ?

ಅಪಾಯವಿಲ್ಲ ನಿಜ, ಸೋಂಕುನಿವಾರಕವೂ ಅಲ್ಲ. ಎರಡನ್ನೂ ಬೆರೆಸಿದರೆ ನೊರೆ ಉಕ್ಕುವುದು ಇಂಗಾಲದ ಡೈಆಕ್ಸೈಡ್‌ನಿಂದ. ಉಕ್ಕಿ ಇಳಿದ ಮೇಲೆ ಉಳಿಯುವುದು ಸೋಡಿಯಂ ಅಸಿಟೇಟ್ ಎಂಬ ಲವಣದ ನೀರು. ಬರಿಯ ವಿನೆಗರ್ ಕೂಡ ಶೇ 5ರಷ್ಟು ತೆಳು ಆಮ್ಲ, ನಂಬಬಹುದಾದ ಸೋಂಕುನಿವಾರಕ ಅಲ್ಲ. ಇದಕ್ಕಿಂತ ದೊಡ್ಡ ಚಿಂತೆ ಇನ್ನೊಂದಿದೆ. ವಿನೆಗರ್ ಶುಚಿಗೆ ಒಳ್ಳೆಯದೆಂದು ಕಲಿತ ಮಗು ಮನೆಯಲ್ಲಿ ಅದನ್ನು ಬ್ಲೀಚ್‌ಗೆ ಸುರಿದರೆ ಕ್ಲೋರಿನ್ ಅನಿಲ ಹೊರಡುತ್ತದೆ.

ಆ ವಯಸ್ಸಿಗೆ ಸಾಬೂನು ಸಾಕು, ಸಾಬೂನೇ ಸರಿ. ಒಂದು ಲೀಟರ್ ನೀರಿಗೆ 10 ಮಿ.ಲೀ. ಪಾತ್ರೆ ತೊಳೆಯುವ ದ್ರವ ಅಳೆದು ಹಾಕಿ ಮೇಜು ತೊಳೆಯಲಿ. ಸಾಬೂನು ಕೊಳೆಯನ್ನೂ ಅದರ ಜೊತೆಗಿನ ಕ್ರಿಮಿಗಳನ್ನೂ ಎತ್ತಿ ಒಯ್ಯುತ್ತದೆ, ಕೊಬ್ಬಿನ ಹೊದಿಕೆಯಿರುವ ವೈರಸ್‌ಗಳ ಹೊದಿಕೆಯನ್ನೇ ಬಿಚ್ಚುತ್ತದೆ. ನೀರಿನ ಮೇಲೆ ಮೆಣಸಿನ ಪುಡಿ ಉದುರಿಸಿ ಸಾಬೂನು ಬೆರಳು ಅದ್ದಿ 'ನೋಡಿ, ಕ್ರಿಮಿ ಓಡಿತು' ಎನ್ನುವ ಪ್ರಯೋಗ ಮಾತ್ರ ಬೇಡ. ಅದು ತೋರಿಸುವುದು ಮೇಲ್ಮೈ ಸೆಳೆತವನ್ನು, ಮಕ್ಕಳು ಕಲಿಯುವುದು ಕ್ರಿಮಿ ಹೆದರಿ ಓಡುತ್ತದೆ ಎಂಬ ತಪ್ಪನ್ನು. ಅದರ ಬದಲು ಕೈಗೆ ಎರಡು ಹನಿ ಎಣ್ಣೆ ಸವರಿ ಬಣ್ಣದ ಸೀಮೆಸುಣ್ಣದ ಪುಡಿ ಹಚ್ಚಿ. ಒಬ್ಬರು ಬರಿ ನೀರಲ್ಲಿ, ಇನ್ನೊಬ್ಬರು ಸಾಬೂನು ಹಚ್ಚಿ 20 ಸೆಕೆಂಡ್ ಉಜ್ಜಿ ತೊಳೆಯಲಿ. ಉಗುರಿನ ಸಂದಿಯಲ್ಲಿ, ಹೆಬ್ಬೆರಳಿನ ಬುಡದಲ್ಲಿ ಉಳಿದ ಬಣ್ಣವೇ ಎಲ್ಲಿ ಉಜ್ಜಿಲ್ಲ ಎಂದು ತೋರಿಸುತ್ತದೆ.

ಪ್ರಶ್ನೆ: ಉಪ್ಪುನೀರಿಗೆ ವಿದ್ಯುತ್ ಹರಿಸಿ ಬ್ಲೀಚ್ ಮಾಡಬಹುದಂತೆ. ಮಕ್ಕಳಿಂದ ಮಾಡಿಸೋಣವೇ?

ಮಾಡಬಹುದು ನಿಜ, ದೊಡ್ಡ ಪ್ರಮಾಣದಲ್ಲಿ ನೀರು ಶುದ್ಧೀಕರಣಕ್ಕೂ ಹಾಗೆ ಮಾಡುತ್ತಾರೆ. ತರಗತಿಯಲ್ಲಿ ಶಿಕ್ಷಕರು ಮಾಡಿ ತೋರಿಸುವ ಪ್ರಯೋಗವಾಗಿ ಸೊಗಸಾಗಿದೆ. ಲೋಟದ ನೀರಿಗೆ ಒಂದು ಚಮಚ ಉಪ್ಪು, ಎರಡು ಗ್ರಾಫೈಟ್ ಕಡ್ಡಿ, 9 ವೋಲ್ಟ್ ಬ್ಯಾಟರಿ, ತೆರೆದ ಕಿಟಕಿ, ಮೂರೇ ನಿಮಿಷ. ಋಣ ಧ್ರುವದಲ್ಲಿ ಹೈಡ್ರೋಜನ್ ಗುಳ್ಳೆ ಏಳುತ್ತದೆ, ಅಲ್ಲಿಗೆ ಕೆಂಪು ಲಿಟ್ಮಸ್ ತಾಗಿಸಿದರೆ ನೀಲಿಯಾಗುತ್ತದೆ. ಧನ ಧ್ರುವದ ಬಳಿ ಹುಟ್ಟುವ ಕ್ಲೋರಿನ್‌ಗೆ ಲಿಟ್ಮಸ್ ಬಣ್ಣವೇ ಹೋಗುತ್ತದೆ. ಋಣ ಧ್ರುವದ ಬಳಿ ಹುಟ್ಟುವ ಕ್ಷಾರವೂ ಈ ಕ್ಲೋರಿನ್ನೂ ನೀರಿನಲ್ಲಿ ಬೆರೆತು ಹೈಪೋಕ್ಲೋರೈಟ್ ಆಗುತ್ತದೆ. ಧನ ಧ್ರುವಕ್ಕೆ ಕಬ್ಬಿಣದ ಮೊಳೆ ಬಳಸಿದರೆ ಕ್ಲೋರಿನ್ ಬದಲು ಮೊಳೆಯೇ ಕರಗಿ ಹಸಿರು ಕಂದು ಕೆಸರಾಗುತ್ತದೆ. ಬ್ಲೀಚ್ ಬರಲಿಲ್ಲ ಎಂದು ದೂರುವವರಲ್ಲಿ ಹೆಚ್ಚಿನವರ ತಪ್ಪು ಇದೇ. ಲೋಟವನ್ನು ಮುಚ್ಚಬಾರದು, ಮೂಗು ಹತ್ತಿರ ತರಬಾರದು.

ಹೀಗೆ ಬಂದ ದ್ರವವನ್ನು ಸೋಂಕುನಿವಾರಕವೆಂದು ಬಳಸಬೇಡಿ. 1 ಆಂಪಿಯರ್ ವಿದ್ಯುತ್ ಒಂದು ಗಂಟೆ ಪೂರ್ತಿ ಹರಿದರೂ ಲೆಕ್ಕದ ಪ್ರಕಾರ ಸಿಗಬಹುದಾದ ಕ್ಲೋರಿನ್ 1.3 ಗ್ರಾಂ. ಸಣ್ಣ ಬ್ಯಾಟರಿ ಅಷ್ಟು ವಿದ್ಯುತ್ ಅಷ್ಟು ಹೊತ್ತು ಕೊಡುವುದಿಲ್ಲ, ಹುಟ್ಟಿದ್ದರಲ್ಲೂ ಒಂದು ಪಾಲು ಅನಿಲವಾಗಿ ಹೋಗುತ್ತದೆ. ಎಷ್ಟು ಗಟ್ಟಿಯೆಂದು ಗೊತ್ತಿಲ್ಲದ ದ್ರಾವಣವನ್ನು ಮಕ್ಕಳ ಕೈಯಲ್ಲಿ ಮನೆಗೆ ಕಳಿಸುವುದು ಸರಿಯಲ್ಲ.

ಪ್ರಶ್ನೆ: ಹ್ಯಾಂಡ್ ಸ್ಯಾನಿಟೈಸರ್ ಮಾಡಿಸಬಹುದೇ?

ಬೇಡ. ಅದಕ್ಕೆ ಬೇಕಾದ ಗಟ್ಟಿ ಆಲ್ಕೊಹಾಲ್ ಬೇಗ ಹೊತ್ತಿಕೊಳ್ಳುತ್ತದೆ, ಹಗಲಿನ ಬೆಳಕಿನಲ್ಲಿ ಅದರ ಜ್ವಾಲೆ ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ.

ಪ್ರಶ್ನೆ: ಎಷ್ಟು ಎಚ್ಚರ ವಹಿಸಿದರೂ ಸಿಡಿಯಬಹುದು, ಯಾರಾದರೂ ತಪ್ಪಿ ಬೆರೆಸಬಹುದು. ಆಗ ಏನು ಮಾಡಬೇಕು? ಉಳಿದದ್ದನ್ನು ಎಲ್ಲಿ ಚೆಲ್ಲಬೇಕು?

ಪಾಠ ಶುರುವಾಗುವ ಮೊದಲೇ ಹತ್ತಿರದ ನಲ್ಲಿ ಯಾವುದು, ಅದರಲ್ಲಿ ನೀರು ಬರುತ್ತಿದೆಯೇ ಎಂದು ತಿರುಗಿಸಿ ನೋಡಿಕೊಳ್ಳಿ. ಕಣ್ಣಿಗೆ ಸಿಡಿದರೆ ರೆಪ್ಪೆ ಬಿಡಿಸಿ ಹಿಡಿದು 15 ನಿಮಿಷ ಹರಿಯುವ ನೀರಲ್ಲಿ ತೊಳೆಯುತ್ತಲೇ ಇರಬೇಕು, ಆಮೇಲೆ ವೈದ್ಯರ ಬಳಿಗೆ. ಮಗು ಒಂದು ನಿಮಿಷಕ್ಕೆ 'ಈಗ ಉರಿಯುತ್ತಿಲ್ಲ ಮಿಸ್' ಎಂದರೂ ನಿಲ್ಲಿಸಬೇಡಿ. ಚರ್ಮಕ್ಕೆ ಬಿದ್ದರೆ ನೆನೆದ ಬಟ್ಟೆ ತೆಗೆದು ಧಾರಾಳವಾಗಿ ನೀರು ಹಾಕಿ. ನುಂಗಿದ್ದರೆ ಬಾಯಿ ತೊಳೆಸಿ, ವಾಂತಿ ಮಾಡಿಸಲು ಹೋಗದೆ ಬಾಟಲಿಯ ಸಮೇತ ಆಸ್ಪತ್ರೆಗೆ ಕರೆದೊಯ್ಯಿರಿ. ಇಳಿಯುವಾಗ ಸುಟ್ಟ ಗಂಟಲು ಮೇಲೆ ಬರುವಾಗ ಮತ್ತೊಮ್ಮೆ ಸುಡುತ್ತದೆ. ಫಿನಾಯಿಲ್ ಆಗಿದ್ದರೆ ಎಣ್ಣೆ ಶ್ವಾಸಕೋಶಕ್ಕೂ ಇಳಿಯಬಹುದು.

ಬ್ಲೀಚ್‌ಗೆ ಶೌಚಾಲಯ ತೊಳೆಯುವ ಆಮ್ಲವೋ ಅಮೋನಿಯಾ ಇರುವ ದ್ರವವೋ ಬಿದ್ದು ಘಾಟು ಎದ್ದರೆ ಅದನ್ನು ಸರಿಪಡಿಸಲು ನಿಲ್ಲಬೇಡಿ. ಎಲ್ಲರನ್ನೂ ಹೊರಗೆ ಕಳಿಸಿ, ಬಾಗಿಲು ತೆರೆದೇ ಬಿಟ್ಟು, ಗಾಳಿ ಪೂರ್ತಿ ಬದಲಾಗುವ ತನಕ ಯಾರೂ ಒಳಗೆ ಹೋಗಕೂಡದು. ಕೆಮ್ಮು ಅಥವಾ ಎದೆ ಬಿಗಿತ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಿ.

ಉಳಿದ ಶೇ 0.1ರ ದ್ರಾವಣವನ್ನು ಚರಂಡಿಗೆ ಸೇರುವ ತೊಟ್ಟಿಯಲ್ಲಿ ಸುರಿದು ಹಿಂದೆಯೇ ಒಂದು ಬಕೆಟ್ ನೀರು ಹಾಕಿ. ಗಿಡಗಳ ಬುಡಕ್ಕೆ, ಕೆರೆ ಕಾಲುವೆಗೆ ಬೇಡ. ಮೀನಿಗೆ ಎಷ್ಟೋ ಕಡಿಮೆ ಪ್ರಮಾಣದ ಕ್ಲೋರಿನ್ ಕೂಡ ಮಾರಕ. ಫಿನಾಯಿಲ್ ಮತ್ತು ಕ್ಲೋರಿನ್ ಎರಡೂ ಉಳಿದಿದ್ದರೆ ಒಂದೇ ತೊಟ್ಟಿಗೆ ಒಂದರ ಹಿಂದೊಂದು ಸುರಿಯಬೇಡಿ. ಸಿರಿಂಜ್, ಆಲಿಕೆ, ಅಳತೆ ಜಾಡಿಗಳನ್ನು ಮೂರು ಸಲ ತೊಳೆದು 'ಸೋಂಕುನಿವಾರಕಕ್ಕೆ ಮಾತ್ರ' ಎಂದು ಬರೆದ ಡಬ್ಬದಲ್ಲಿಟ್ಟು ಬೀಗ ಹಾಕಿ.